ಅರವತ್ತು ವರ್ಷ ಡಬ್ಬದಲ್ಲಿದ್ದ ಜಾಝ್ ಸಿಡಿಗೆ ಬರುವುದು ಹೇಗೆ?

ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತೀರಿಕೊಂಡಿದ್ದು 1967ರಲ್ಲಿ. ಆದರೆ ಅವರ 'ಹೊಸ' ಆಲ್ಬಮ್‌ಗಳು ಇತ್ತೀಚಿನವರೆಗೂ ಬರುತ್ತಲೇ ಇವೆ. 2018ರಲ್ಲಿ ಒಂದು, 2019ರಲ್ಲಿ ಒಂದು, 2021ರಲ್ಲಿ ಮತ್ತೊಂದು, 2023ರಲ್ಲಿ ಮಗದೊಂದು. ಪ್ರತಿ ಸಲವೂ ಪತ್ರಿಕೆಗಳಲ್ಲಿ ಹೆಚ್ಚುಕಮ್ಮಿ ಅದೇ ತಲೆಬರಹ: ಕಳೆದುಹೋಗಿದ್ದ ಟೇಪ್ ಕೊನೆಗೂ ಸಿಕ್ಕಿತು.

ಜಾಝ್ ಕೇಳುವ ಅಭ್ಯಾಸ ಇಲ್ಲದವರಿಗೂ ಇಲ್ಲಿ ಪ್ರಶ್ನೆ ಹುಟ್ಟುತ್ತದೆ. ಅಷ್ಟು ದೊಡ್ಡ ವಾದಕನ ಟೇಪು ಕಳೆದುಹೋಗುವುದಾದರೂ ಹೇಗೆ? ಕಳೆದದ್ದು ಸಿಕ್ಕಿದ್ದು ಎಲ್ಲಿ? ಸ್ಟುಡಿಯೋಗೆ ದುಡ್ಡು ಕೊಟ್ಟು ರೆಕಾರ್ಡ್ ಮಾಡಿದ್ದನ್ನು ಆಗಲೇ ಯಾಕೆ ಮಾರಲಿಲ್ಲ? ಇನ್ನು, ಇಂಥ ಟೇಪುಗಳಿಗಾಗಿಯೇ ವರ್ಷಗಟ್ಟಲೆ ಕಾಯುವ ಸಂಗ್ರಾಹಕರಿದ್ದಾರೆ. ಇಂಥ ತಾರೀಕಿನಂದು ಇಂಥವರು ನುಡಿಸಿದ್ದಾರೆ ಅಂತ ಅವರಿಗೆ ಗೊತ್ತು, ಆದರೆ ಅದನ್ನು ಒಮ್ಮೆಯೂ ಕೇಳಿರುವುದಿಲ್ಲ. ಅದು ಸಿಡಿಯಾಗಿ ಬರಲಿ ಅಂತ ಕಾಯುತ್ತಾರೆ. ಅವರು ಕಾಯುತ್ತಿರುವುದು ಏನನ್ನು ಅಂತ ಅರ್ಥವಾಗಬೇಕಾದರೆ ಸ್ಟುಡಿಯೋದಿಂದಲೇ ಶುರು ಮಾಡಬೇಕು.

ಸೆಷನ್, ಟೇಕ್, ಮಾಸ್ಟರ್

ವಾದಕರು ಒಂದು ದಿನ ಸ್ಟುಡಿಯೋಗೆ ಬಂದು ನುಡಿಸಿ ಹೋಗುವುದಕ್ಕೆ ಸೆಷನ್ ಅನ್ನುತ್ತಾರೆ. 1950 ಮತ್ತು 60ರ ದಶಕದ ಜಾಝ್‌ನಲ್ಲಿ ಒಂದು ಸೆಷನ್ ಅಂದರೆ ಸಾಮಾನ್ಯವಾಗಿ ಒಂದು ಆಲ್ಬಮ್. ಐದಾರು ಜನ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸುತ್ತಿದ್ದರು. ಅದು ನೇರವಾಗಿ ಟೇಪಿಗೆ ಹೋಗುತ್ತಿತ್ತು. ಈಗಿನ ಹಾಗೆ ಇವತ್ತು ಡ್ರಮ್ಸ್, ನಾಳೆ ಹಾಡು ಅನ್ನುವ ಪದ್ಧತಿ ಅಲ್ಲ.

ಒಂದು ಟ್ಯೂನನ್ನು ಒಮ್ಮೆ ನುಡಿಸಿದರೆ ಅದು ಒಂದು ಟೇಕ್. ಸರಿ ಬರಲಿಲ್ಲ ಅನ್ನಿಸಿದರೆ ಇನ್ನೊಂದು ಟೇಕ್. ಆಲ್ಬಮ್‌ಗೆ ಆರಿಸಿಕೊಂಡಿದ್ದು ಮಾಸ್ಟರ್ ಟೇಕ್. ಉಳಿದದ್ದು ಆಲ್ಟರ್ನೇಟ್ ಟೇಕ್. ಮದುವೆಯ ಫೋಟೋಗ್ರಾಫರ್ ಎರಡು ಸಾವಿರ ಫೋಟೋ ಹೊಡೆದು ಆಲ್ಬಮ್‌ನಲ್ಲಿ ನೂರೈವತ್ತು ಹಾಕಿ ಕೊಡುತ್ತಾರೆ, ಅಲ್ವಾ? ಉಳಿದ ಫೋಟೋಗಳು ಕೆಟ್ಟದ್ದು ಅಂತೇನೂ ಅಲ್ಲ. ಅವು ಸ್ಟುಡಿಯೋದವರ ಹಾರ್ಡ್ ಡಿಸ್ಕ್‌ನಲ್ಲಿ ಕೂತಿರುತ್ತವೆ, ಯಾರೋ ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಾಝ್ ಟೇಪುಗಳದ್ದೂ ಇದೇ ಕತೆ. ಒಂದು ವ್ಯತ್ಯಾಸ ಇದೆ. ಇಲ್ಲಿ ಕೆಲವೊಮ್ಮೆ ಇಡೀ ಮದುವೆಯ ಫೋಟೋಗಳೇ ಆಲ್ಬಮ್ ಆಗದೆ ಉಳಿದಿವೆ.

ಅದೇ ಟ್ಯೂನಿನ ಇನ್ನೊಂದು ಟೇಕ್ ಕೇಳುವುದರಲ್ಲಿ ಏನಿದೆ ಅಂತ ಅನ್ನಿಸಬಹುದು. ಕರ್ನಾಟಕ ಸಂಗೀತದ ಕಚೇರಿ ಕೇಳುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಜಾಝ್‌ನಲ್ಲಿ ಬರೆದಿಟ್ಟ ಟ್ಯೂನ್ ಇರುವುದು ಮೊದಲಿಗೆ ಮತ್ತು ಕೊನೆಗೆ ಮಾತ್ರ. ನಡುವಿನದೆಲ್ಲ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ ಮನೋಧರ್ಮ. ಮೂರನೇ ಟೇಕಿನ ಸೋಲೋ ಎರಡನೆಯದರ ನಕಲಾಗಿರುವುದಿಲ್ಲ. ಈ ಹೋಲಿಕೆ ಬರೀ ಬಾಯಿಮಾತಿನದ್ದಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ನುಡಿಸಿ ಹಾಡಿದ 'ಜ್ಯೋತಿ' ಆಲ್ಬಮ್ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂದಿದೆ.

ಇನ್ನು ಮರುಬಿಡುಗಡೆ, ಅಂದರೆ ರೀಇಷ್ಯೂ. ಹಳೇ ಆಲ್ಬಮ್ಮನ್ನು ಇದ್ದ ಹಾಗೇ ಮತ್ತೆ ತರುವುದು ಒಂದು ಬಗೆ. ಅದಕ್ಕೆ ಆಲ್ಟರ್ನೇಟ್ ಟೇಕುಗಳನ್ನು ಸೇರಿಸಿ ತರುವುದು ಇನ್ನೊಂದು. ಯಾವತ್ತೂ ಹೊರಬರದ ಸೆಷನ್ನನ್ನು ಮೊದಲ ಸಲ ತರುವುದೂ ಇದೇ ಕೆಲಸದ ಭಾಗ. ಸಂಗ್ರಾಹಕರ ಕಣ್ಣು ಜಾಸ್ತಿ ಇರುವುದು ಈ ಕೊನೆಯದರ ಮೇಲೆ.

ದುಡ್ಡು ಕೊಟ್ಟು ರೆಕಾರ್ಡ್ ಮಾಡಿ ಯಾಕೆ ಬಿಡಲಿಲ್ಲ?

ಇದಕ್ಕೆ ಒಳ್ಳೇ ಉದಾಹರಣೆ ಬ್ಲೂ ನೋಟ್ ಕಂಪನಿ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಇದನ್ನು ಶುರು ಮಾಡಿದವರು ಬರ್ಲಿನ್‌ನಿಂದ ಬಂದಿದ್ದ ಆಲ್‌ಫ್ರೆಡ್ ಲಯನ್. ಬಾಲ್ಯದ ಗೆಳೆಯ ಫ್ರಾನ್ಸಿಸ್ ವುಲ್ಫ್ ಸ್ವಲ್ಪ ಕಾಲದಲ್ಲೇ ಬಂದು ಸೇರಿಕೊಂಡರು. ಲಯನ್ ರೆಕಾರ್ಡಿಂಗ್ ನೋಡಿಕೊಂಡರೆ ವುಲ್ಫ್ ಲೆಕ್ಕಪತ್ರ ನೋಡಿಕೊಂಡು ಜೊತೆಗೆ ಸೆಷನ್‌ಗಳ ಫೋಟೋ ತೆಗೆಯುತ್ತಿದ್ದರು. ಸೌಂಡ್ ಇಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಹಗಲಿನ ಉದ್ಯೋಗ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದು. 1959ರವರೆಗೆ ಅವರ ಸ್ಟುಡಿಯೋ ಇದ್ದದ್ದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಊರಲ್ಲಿ, ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲಿ!

ಲಯನ್‌ಗೆ ರೆಕಾರ್ಡ್ ಮಾಡುವ ಹುಚ್ಚು. ಸೆಷನ್‌ಗೆ ಮುಂಚೆ ರಿಹರ್ಸಲ್ ಮಾಡುವುದಕ್ಕೂ ವಾದಕರಿಗೆ ದುಡ್ಡು ಕೊಡುತ್ತಿದ್ದರು. ಆದರೆ ರೆಕಾರ್ಡ್ ಮಾಡಿದಷ್ಟು ವೇಗದಲ್ಲಿ ಎಲ್‌ಪಿ, ಅಂದರೆ ಆಗಿನ ದೊಡ್ಡ ಗ್ರಾಮಫೋನ್ ತಟ್ಟೆ ಬಿಡುವುದು ಅಷ್ಟು ಸಣ್ಣ ಕಂಪನಿಯ ಕೈಲಿ ಆಗುತ್ತಿರಲಿಲ್ಲ. ಒಬ್ಬ ವಾದಕನ ಒಂದು ಆಲ್ಬಮ್ ಇನ್ನೂ ಅಂಗಡಿಯಲ್ಲಿರುವಾಗಲೇ ಇನ್ನೆರಡು ಸೆಷನ್ ಮುಗಿದಿರುತ್ತಿತ್ತು. ಇತ್ತೀಚಿನದ್ದು ಚೆನ್ನಾಗಿ ಬಂದರೆ ಅದೇ ಮೊದಲು ಹೊರಹೋಗುತ್ತಿತ್ತು. ಹಿಂದಿನದು ಕಪಾಟಿನಲ್ಲೇ ಉಳಿಯುತ್ತಿತ್ತು.

ಆಲ್ಬಮ್ ಗೆದ್ದರೂ ತೊಂದರೆಯೇ. ಟ್ರಂಪೆಟ್ ವಾದಕ ಲೀ ಮಾರ್ಗನ್ 1963ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಮಾಡಿದ 'ದಿ ಸೈಡ್‌ವೈಂಡರ್' ಕಂಪನಿ ಎಣಿಸದಷ್ಟು ಮಾರಾಟವಾಯಿತು. ವಿತರಕರು 'ಇದೇ ಥರದ್ದು ಇನ್ನೊಂದು ಕೊಡಿ' ಅಂತ ದುಂಬಾಲು ಬಿದ್ದರು. 1964ರ ಫೆಬ್ರುವರಿಯಲ್ಲಿ ಮಾರ್ಗನ್ ಮಾಡಿದ್ದ ಗಂಭೀರ ಸೆಷನ್ ಎರಡು ವರ್ಷ ಕಾಯಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮಾಡಿದ್ದು ಹೊರಬಂದದ್ದು 1980ರಲ್ಲಿ. ಅಷ್ಟರಲ್ಲಿ ಮಾರ್ಗನ್ ಸತ್ತು ಎಂಟು ವರ್ಷವಾಗಿತ್ತು.

ಟೀನಾ ಬ್ರೂಕ್ಸ್ ಕತೆ ಇನ್ನೂ ಕಹಿ. ಹೆಸರು ಟೀನಾ ಅಂತಿದ್ದರೂ ಇವರು ಗಂಡಸು, ಟೆನರ್ ಸ್ಯಾಕ್ಸೊಫೋನ್ ವಾದಕ. 1958ರಿಂದ 1961ರ ನಡುವೆ ಬ್ಲೂ ನೋಟ್‌ಗೆ ತಮ್ಮ ಹೆಸರಲ್ಲಿ ನಾಲ್ಕು ಆಲ್ಬಮ್‌ಗಳಿಗೆ ಆಗುವಷ್ಟು ರೆಕಾರ್ಡ್ ಮಾಡಿದರು. ಬದುಕಿದ್ದಾಗ ಹೊರಬಂದದ್ದು ಒಂದೇ, 'ಟ್ರೂ ಬ್ಲೂ'. 'ಬ್ಯಾಕ್ ಟು ದ ಟ್ರ್ಯಾಕ್ಸ್' ಅನ್ನುವ ಇನ್ನೊಂದಕ್ಕೆ 4052 ಅಂತ ನಂಬರ್ ಕೊಟ್ಟು ಕವರ್ ಕೂಡ ಸಿದ್ಧ ಮಾಡಿದ್ದರು. ಎಲ್‌ಪಿ ಮಾತ್ರ ಬರಲಿಲ್ಲ. ನಂಬರ್ ಇದ್ದು ಡಿಸ್ಕ್ ಇಲ್ಲದ ಈ 4052 ಎಷ್ಟೋ ವರ್ಷ ಸಂಗ್ರಾಹಕರ ತಲೆ ಕೆಡಿಸಿತ್ತು. ಬ್ರೂಕ್ಸ್ 1974ರಲ್ಲಿ, 42ನೇ ವಯಸ್ಸಿಗೆ ತೀರಿಕೊಂಡರು. ಅವರ ಸೆಷನ್‌ಗಳೆಲ್ಲ ಒಟ್ಟಿಗೆ ಪೆಟ್ಟಿಗೆಯಾಗಿ ಬಂದದ್ದು 1985ರಲ್ಲಿ. 4052 ಸಿಡಿಯಾಗಿದ್ದು 1998ರಲ್ಲಿ.

ಇನ್ನೊಂದು ದೊಡ್ಡ ಅಡ್ಡಿ ಕರಾರು. ಒಂದು ಕಂಪನಿಗೆ ಸಹಿ ಹಾಕಿದ ವಾದಕ ಇನ್ನೊಂದು ಕಂಪನಿಗೆ ತನ್ನ ಹೆಸರಲ್ಲಿ ನುಡಿಸುವ ಹಾಗಿರಲಿಲ್ಲ. ಹೆಸರಾಂತ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ನಂಥವರೂ 1953ರ ಒಂದು ರೆಕಾರ್ಡ್ ಮೇಲೆ 'ಚಾರ್ಲಿ ಚಾನ್' ಅಂತ ಹಾಕಿಸಿಕೊಂಡಿದ್ದಾರೆ. ಕೇಳಿದ ಯಾರಿಗೂ ಅದು ಯಾರು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಪಿಯಾನೋ ವಾದಕ ಬಿಲ್ ಇವಾನ್ಸ್ 1968ರ ಜೂನ್ 20ರಂದು ಜರ್ಮನಿಯ ವಿಲ್ಲಿಂಗೆನ್ ಊರಿನ ಸ್ಟುಡಿಯೋದಲ್ಲಿ ಎರಡು ಎಲ್‌ಪಿಗೆ ಆಗುವಷ್ಟು ನುಡಿಸಿದರು. ಆದರೆ ಅವರ ಕರಾರು ಇದ್ದದ್ದು ಅಮೆರಿಕದ ವರ್ವ್ ಕಂಪನಿ ಜೊತೆ. ಜರ್ಮನ್ ಸ್ಟುಡಿಯೋ ಟೇಪು ಇಟ್ಟುಕೊಂಡು ಸುಮ್ನೆ ಕೂರಬೇಕಾಯಿತು. ರೆಸೊನೆನ್ಸ್ ಅನ್ನುವ ಕಂಪನಿ ಸ್ಟುಡಿಯೋ ಮಾಲೀಕರ ಕುಟುಂಬದ ಜೊತೆ ಮಾತಾಡಿ, ಹಕ್ಕುಗಳ ಗಂಟು ಬಿಡಿಸಿ, 2016ರಲ್ಲಿ ಅದನ್ನು ಎರಡು ಸಿಡಿಗಳಲ್ಲಿ ತಂದಿತು.

ಸಿಗುವುದು ಎಲ್ಲಿ, ಹುಡುಕುವವರು ಯಾರು?

1965ರ ಹೊತ್ತಿಗೆ ಲಯನ್ ಬ್ಲೂ ನೋಟನ್ನು ಲಿಬರ್ಟಿ ಕಂಪನಿಗೆ ಮಾರಿದರು. ಅದು ಮುಂದೆ ಯುನೈಟೆಡ್ ಆರ್ಟಿಸ್ಟ್ಸ್ ಪಾಲಾಯಿತು. ಅಲ್ಲಿಂದ ಇಎಂಐ, 2012ರಲ್ಲಿ ಅಲ್ಲಿಂದ ಯುನಿವರ್ಸಲ್. ಕಂಪನಿ ಕೈ ಬದಲಾದಾಗಲೆಲ್ಲ ಟೇಪುಗಳೂ ಗೋದಾಮಿನಿಂದ ಗೋದಾಮಿಗೆ ಹೋದವು. ಏನಿದೆ, ಎಲ್ಲಿದೆ ಅಂತ ಬಲ್ಲವರು ಮಾತ್ರ ಜೊತೆಗೆ ಹೋಗಲಿಲ್ಲ.

ಆಗ ಬಂದವರು ರೆಕಾರ್ಡ್ ನಿರ್ಮಾಪಕ ಮೈಕೆಲ್ ಕಸ್ಕುನಾ. ಬ್ಲೂ ನೋಟ್‌ನಲ್ಲಿ ಬಿಡುಗಡೆಯಾಗದ ಸೆಷನ್‌ಗಳು ಬೇಕಾದಷ್ಟಿವೆ ಅಂತ ವಾದಕರ ಬಾಯಲ್ಲಿ ಕೇಳಿ ಒಂದು ಪಟ್ಟಿ ಮಾಡಿಕೊಳ್ಳುತ್ತಾ ಹೋದರು. ವರ್ಷಗಳ ಕಾಲ ಕಂಪನಿಯ ಬಾಗಿಲು ತಟ್ಟಿದರು. 1975ರಲ್ಲಿ ಅಲ್ಲಿ ಕೆಲಸಕ್ಕಿದ್ದ ಚಾರ್ಲಿ ಲೌರಿ ಒಳಗೆ ಬಿಟ್ಟರು. ಟೇಪು ಇದ್ದವು. ಆದರೆ ಬಿಡುಗಡೆಯಾಗದ ಎಷ್ಟೋ ಡಬ್ಬಗಳ ಮೇಲೆ ಯಾರು ನುಡಿಸಿದ್ದಾರೆ, ಟ್ಯೂನಿನ ಹೆಸರೇನು ಅನ್ನುವ ವಿವರವೇ ಸರಿಯಾಗಿ ಇರಲಿಲ್ಲ. ಕಸ್ಕುನಾ ಕೇಳಿ ಗುರುತಿಸಬೇಕಿತ್ತು, ಗೊತ್ತಾಗದಿದ್ದರೆ ಬದುಕಿದ್ದ ವಾದಕರನ್ನು ಹುಡುಕಿಕೊಂಡು ಹೋಗಿ ಕೇಳಬೇಕಿತ್ತು. ಇವತ್ತು ನಾವು ಕೇಳುವ ಬ್ಲೂ ನೋಟ್‌ನ ಒಂದು ದೊಡ್ಡ ಭಾಗ ಹೀಗೆ ಹೊರಬಂದದ್ದು. 2024ರಲ್ಲಿ ಕಸ್ಕುನಾ ತೀರಿಕೊಂಡಾಗ ಜಾಝ್ ಲೋಕ ಒಬ್ಬ ದೊಡ್ಡ ವಾದಕನಿಗೆ ಸಲ್ಲಿಸುವಂಥ ಗೌರವವನ್ನೇ ಅವರಿಗೆ ಸಲ್ಲಿಸಿತು. ನನ್ನ ಮಟ್ಟಿಗೆ ಅದು ನ್ಯಾಯವೇ.

ಕಸ್ಕುನಾ ಮತ್ತು ಲೌರಿ ಸೇರಿ 1980ರ ದಶಕದ ಮೊದಲ ವರ್ಷಗಳಲ್ಲಿ ಮೊಸಾಯಿಕ್ ರೆಕಾರ್ಡ್ಸ್ ಶುರು ಮಾಡಿದರು. ಇದರ ವ್ಯಾಪಾರದ ರೀತಿ ಬೇರೆ. ದೊಡ್ಡ ಕಂಪನಿಯಿಂದ ಟೇಪುಗಳನ್ನು ಇಷ್ಟು ಕಾಲಕ್ಕೆ, ಇಷ್ಟು ಪ್ರತಿಗಳಿಗೆ ಅಂತ ಪರವಾನಗಿ ಮೇಲೆ ಪಡೆಯುವುದು. ಒಬ್ಬ ವಾದಕ ಒಂದು ಕಾಲದಲ್ಲಿ ಮಾಡಿದ್ದನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ ಪೆಟ್ಟಿಗೆ ಮಾಡುವುದು. ಕೆಲವು ಸಾವಿರ ಪ್ರತಿ ಮಾತ್ರ ತೆಗೆದು, ನಂಬರ್ ಹಾಕಿ, ಅಂಚೆಯಲ್ಲಿ ನೇರವಾಗಿ ಗ್ರಾಹಕರಿಗೆ ಕಳಿಸುವುದು. ಮುಗಿದರೆ ಮುಗಿಯಿತು, ಮತ್ತೆ ಅಚ್ಚು ಹಾಕುವುದಿಲ್ಲ. ಹಳೇ ಮೊಸಾಯಿಕ್ ಪೆಟ್ಟಿಗೆಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಮೂಲ ಬೆಲೆಯ ಹಲವು ಪಟ್ಟು ಆಗುವುದು ಇದರಿಂದಲೇ.

ಟೇಪು ಸಿಗುವುದು ಕಂಪನಿಯ ಗೋದಾಮಿನಲ್ಲೇ ಅಂತೇನೂ ಇಲ್ಲ. 1957ರಲ್ಲಿ ಕೋಲ್ಟ್ರೇನ್ ಕೆಲವು ತಿಂಗಳು ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರ ತಂಡದಲ್ಲಿದ್ದರು. ಇಬ್ಬರ ಕರಾರೂ ಬೇರೆ ಬೇರೆ ಕಂಪನಿಗಳ ಜೊತೆ ಇದ್ದದ್ದರಿಂದ ಆ ತಂಡದ ಸ್ಟುಡಿಯೋ ರೆಕಾರ್ಡಿಂಗ್ ಬೆರಳೆಣಿಕೆಯಷ್ಟು. ಆದರೆ ಆ ವರ್ಷ ನವೆಂಬರ್ 29ರಂದು ಅವರು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದನ್ನು ವಾಯ್ಸ್ ಆಫ್ ಅಮೆರಿಕ ರೇಡಿಯೋ ರೆಕಾರ್ಡ್ ಮಾಡಿತ್ತು. ಆ ಟೇಪುಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿ ಕೂತವು. 2005ರಲ್ಲಿ ಅಲ್ಲಿನ ಲ್ಯಾರಿ ಆಪಲ್‌ಬಾಮ್ ಹಳೇ ಟೇಪುಗಳನ್ನು ಡಿಜಿಟಲ್ ಮಾಡುವ ಕೆಲಸದಲ್ಲಿದ್ದಾಗ ಒಂದು ಡಬ್ಬದ ಮೇಲೆ 'ಟಿ. ಮಂಕ್' ಅಂತ ಬರೆದದ್ದು ಕಂಡಿತು. ಹಾಕಿ ಕೇಳಿದರೆ ಜೊತೆಗೆ ಕೋಲ್ಟ್ರೇನ್! ಅದೇ ವರ್ಷ ಸಿಡಿ ಬಂತು. ಈ ಪಟ್ಟಿಯಲ್ಲಿ ಒಂದೇ ಒಂದನ್ನು ಕೇಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

2023ರಲ್ಲಿ ಬಂದ ಕೋಲ್ಟ್ರೇನ್ ಟೇಪು ಸಿಕ್ಕಿದ್ದೂ ಗ್ರಂಥಾಲಯದಲ್ಲೇ, ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ. 1961ರಲ್ಲಿ ವಿಲೇಜ್ ಗೇಟ್ ಅನ್ನುವ ಕ್ಲಬ್ಬಿನ ಹೊಸ ಸೌಂಡ್ ಸಿಸ್ಟಮ್ ಪರೀಕ್ಷಿಸಲು ಇಂಜಿನಿಯರ್ ಒಂದೇ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದರು. ಬಿಡುಗಡೆ ಮಾಡುವ ಯೋಚನೆಯೇ ಇರಲಿಲ್ಲ.

2018ರದ್ದು ಇನ್ನೂ ಬೇರೆ. 1963ರ ಮಾರ್ಚ್ 6ರಂದು ಕೋಲ್ಟ್ರೇನ್ ತಮ್ಮ ತಂಡದ ಜೊತೆ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಒಂದು ಪೂರ್ತಿ ಸೆಷನ್ ಮಾಡಿದರು. ಇಂಪಲ್ಸ್ ಕಂಪನಿಯಲ್ಲಿದ್ದ ಮಾಸ್ಟರ್ ಟೇಪು ಮಾಯವಾಯಿತು. ಆದರೆ ಮನೆಯಲ್ಲಿ ಕೇಳಿ ನೋಡಲಿ ಅಂತ ಕೋಲ್ಟ್ರೇನ್ ಕೈಗೆ ಒಂದು ಪ್ರತಿ ಕೊಟ್ಟಿದ್ದರು. ಅದು ಅವರ ಮೊದಲ ಹೆಂಡತಿ ನೈಮಾ ಅವರ ಕುಟುಂಬದಲ್ಲಿ 54 ವರ್ಷಕ್ಕೂ ಜಾಸ್ತಿ ಉಳಿದಿತ್ತು. ಆ ಸಿಡಿಯ ಎರಡು ಟ್ಯೂನುಗಳ ಹೆಸರು ನೋಡಿ: 'ಅನ್‌ಟೈಟಲ್ಡ್ ಒರಿಜಿನಲ್ 11383' ಮತ್ತು '11386'. ಕೋಲ್ಟ್ರೇನ್ ಹೆಸರಿಡುವ ಮುಂಚೆಯೇ ಸೆಷನ್ ಮೂಲೆ ಸೇರಿತು. ಲೆಕ್ಕಕ್ಕೆಂದು ಕೊಟ್ಟ ನಂಬರೇ ಹೆಸರಾಯಿತು.

ಅಭಿಮಾನಿಗಳಿಂದ ಉಳಿದದ್ದೂ ಇದೆ. ಡೀನ್ ಬೆನೆಡೆಟ್ಟಿ ಅನ್ನುವ ಸ್ಯಾಕ್ಸೊಫೋನ್ ವಾದಕ 1947-48ರಲ್ಲಿ ಕ್ಲಬ್ಬುಗಳಿಗೆ ಯಂತ್ರ ಹೊತ್ತುಕೊಂಡು ಹೋಗಿ ಚಾರ್ಲಿ ಪಾರ್ಕರ್ ನುಡಿಸುವಾಗ ಆನ್ ಮಾಡಿ, ಬೇರೆಯವರ ಸರದಿ ಬಂದಾಗ ಆಫ್ ಮಾಡುತ್ತಿದ್ದರು. ಟೇಪು, ಡಿಸ್ಕು ಉಳಿಸುವ ಹುಚ್ಚು! ಇದೆಲ್ಲ ಬರೀ ದಂತಕತೆ ಅಂತ ಎಷ್ಟೋ ಜನ ನಂಬಿದ್ದರು. ಸಹೋದರನ ಬಳಿ ಉಳಿದಿದ್ದ ಆ ಟೇಪು, ಡಿಸ್ಕುಗಳನ್ನು ಮೊಸಾಯಿಕ್ 1990ರಲ್ಲಿ ಏಳು ಸಿಡಿಗಳಾಗಿ ತಂದಿತು. ಕೇಳುವುದು ಕಷ್ಟ. ಗರಗರ ಸದ್ದು, ಅರ್ಧಕ್ಕೇ ನಿಲ್ಲುವ ಟ್ಯೂನುಗಳು. ಪಾರ್ಕರ್ ಹುಚ್ಚರಿಗೆ ಮಾತ್ರ ಅಂತ ಧೈರ್ಯವಾಗಿ ಹೇಳಬಹುದು.

ಟೇಪಿನಿಂದ ಸಿಡಿಗೆ

ಸಿಕ್ಕ ಟೇಪನ್ನು ಯಂತ್ರಕ್ಕೆ ಹಾಕಿ ಸಿಡಿ ಮಾಡಿದರೆ ಆಯಿತಲ್ಲ ಅಂದುಕೊಳ್ಳಬೇಡಿ. ಮೊದಲ ಪ್ರಶ್ನೆ, ಕೈಲಿರುವುದು ಯಾವ ಟೇಪು? ಸ್ಟುಡಿಯೋದಲ್ಲಿ ಓಡಿದ ಮೂಲ ಟೇಪೇ ಅಥವಾ ಅದರ ಪ್ರತಿಯೇ? ಕಾಂತೀಯ ಟೇಪಿನ ಪ್ರತಿ ತೆಗೆದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಗುಣ ಕಳೆಯುತ್ತದೆ, 'ಹಿಸ್' ಅನ್ನುವ ಹಿನ್ನೆಲೆ ಸದ್ದು ಹೆಚ್ಚುತ್ತದೆ. ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಆ ಮೊದಲ ವರ್ಷಗಳಲ್ಲಿ ಕಂಪನಿಗಳು ಅವಸರಕ್ಕೆ ಬಿದ್ದು, ಎಲ್‌ಪಿಯ ಗೀರು ಕೊರೆಯಲೆಂದು ಮಾಡಿದ್ದ ಪ್ರತಿಗಳಿಂದಲೇ ಸಿಡಿ ತೆಗೆದದ್ದುಂಟು. ಎಲ್‌ಪಿಯ ಗೀರಿಗೆ ಹೊಂದಲಿ ಅಂತ ಅವುಗಳಲ್ಲಿ ಬಾಸ್, ಅಂದರೆ ಮಂದ್ರದ ಸದ್ದು ತಗ್ಗಿಸಿರುತ್ತಿದ್ದರು. ಹಳೇ ಸಿಡಿ ತೆಳುವಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಅದೇ ಆಲ್ಬಮ್ ಮೂರು ನಾಲ್ಕು ಸಲ ಮತ್ತೆ ಮತ್ತೆ ಬರುವುದಕ್ಕೂ ಇದೇ ಕಾರಣ. ವ್ಯಾಪಾರ ಅನ್ನುವ ಕಾರಣ ಇದ್ದೇ ಇದೆ, ಬಿಡಿ.

ಟೇಪಿಗೂ ವಯಸ್ಸಾಗುತ್ತದೆ. 1970ರ ದಶಕದ ಕೆಲವು ಟೇಪುಗಳಲ್ಲಿ ಅಂಟು ತೇವ ಹೀರಿಕೊಂಡು ಮೆತ್ತಗಾಗುತ್ತದೆ. ಹಾಗೇ ಓಡಿಸಿದರೆ ಧ್ವನಿ ಇರುವ ಪದರವೇ ಕಿತ್ತು ಬರುತ್ತದೆ. ಅಂಥವನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಒಣಗಿಸಿ, ಕೂಡಲೇ ಓಡಿಸಿ ಡಿಜಿಟಲ್ ಮಾಡಿಕೊಳ್ಳುತ್ತಾರೆ. 50ರ ದಶಕದ ಅಸಿಟೇಟ್ ಟೇಪುಗಳ ಸಮಸ್ಯೆ ಬೇರೆ. ಅವು ಒಣಗಿ ಪಟಪಟ ಮುರಿಯುತ್ತವೆ.

ಟೇಪು ಚೆನ್ನಾಗಿದ್ದರೂ ಯಂತ್ರ ಮೋಸ ಮಾಡಬಹುದು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಜಾಝ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಒಂದು. ಅದರ ಮೊದಲ ಸೆಷನ್ ದಿನ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ರೆಕಾರ್ಡ್ ಆದದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಏರುತ್ತದೆ. ಹಾಗಾಗಿ ಎಲ್‌ಪಿಯ ಮೊದಲ ಬದಿಯ ಮೂರೂ ಟ್ಯೂನುಗಳು ಮೂವತ್ತಕ್ಕೂ ಹೆಚ್ಚು ವರ್ಷ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲಿನ ಶ್ರುತಿಯಲ್ಲೇ ಲೋಕಕ್ಕೆ ಕೇಳಿಸಿದವು. ಅದರ ಜೊತೆ ನುಡಿಸಿ ಕಲಿಯಲು ಹೋದ ಎಷ್ಟು ವಿದ್ಯಾರ್ಥಿಗಳು ತಮ್ಮ ವಾದ್ಯವನ್ನೇ ಬೈದುಕೊಂಡರೋ! ಅವತ್ತು ಮುನ್ನೆಚ್ಚರಿಕೆಗೆ ಓಡಿಸಿದ್ದ ಎರಡನೇ ಯಂತ್ರದ ಟೇಪು ಸರಿಯಾಗಿತ್ತು. 1992ರ ಸಿಡಿಯಲ್ಲಿ ಅದನ್ನು ಬಳಸಿ ಶ್ರುತಿ ಸರಿಪಡಿಸಿದರು. ಒಳ್ಳೇ ಮರುಬಿಡುಗಡೆ ಅಂದರೆ ಏನು ಅನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಗೊತ್ತಿಲ್ಲ.

ಕೊನೆಯ ಹಂತ ಮಾಸ್ಟರಿಂಗ್. ಹಿಸ್ ಎಷ್ಟು ಬಿಡಬೇಕು, ಬಾಸ್ ಎಷ್ಟಿರಬೇಕು, ಒಟ್ಟು ಸದ್ದು ಎಷ್ಟು ಜೋರಾಗಿರಬೇಕು ಅನ್ನುವುದನ್ನು ಇಂಜಿನಿಯರ್ ಇಲ್ಲಿ ತೀರ್ಮಾನಿಸುತ್ತಾರೆ. ಹಿಸ್ ತೆಗೆಯುವ ಭರದಲ್ಲಿ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ, ಅಂದರೆ ಸಿಂಬಲ್‌ನ ಮಿನುಗೂ ಹೋಗುತ್ತದೆ. ವ್ಯಾನ್ ಗೆಲ್ಡರ್ ಅವರೇ 1990ರ ದಶಕದ ಕೊನೆಯಿಂದ ತಮ್ಮ ಹಳೇ ಟೇಪುಗಳನ್ನು ಮತ್ತೆ ಮಾಸ್ಟರ್ ಮಾಡಿದರು. ಅವು ಒಂದು ಸರಣಿಯ ಸಿಡಿಗಳಾಗಿ ಬಂದವು. ಮೂಲ ಇಂಜಿನಿಯರೇ ಮಾಡಿದ್ದರೂ ಅವು ಜೋರಾದವು ಅಂತ ದೂರುವ ಸಂಗ್ರಾಹಕರಿದ್ದಾರೆ.

ಹಕ್ಕು ಯಾರದ್ದು?

ಟೇಪು ಸಿಕ್ಕ ಮಾತ್ರಕ್ಕೆ ಸಿಡಿ ಮಾಡುವ ಹಾಗಿಲ್ಲ. ಟೇಪು ಒಬ್ಬರ ಮನೆಯಲ್ಲಿರಬಹುದು. ರೆಕಾರ್ಡಿಂಗ್ ಹಕ್ಕು ಕಂಪನಿಯದ್ದಿರಬಹುದು. ಟ್ಯೂನ್ ರಚಿಸಿದವರ ಹಕ್ಕು ಮತ್ತೂ ಬೇರೆ. ವಾದಕರ ವಾರಸುದಾರರನ್ನು ಹುಡುಕಿ ಒಪ್ಪಿಗೆ ಪಡೆಯಬೇಕು. ಸಿಡಿ ಒತ್ತುವ ಖರ್ಚು ಇಲ್ಲಿ ತೀರಾ ಕಮ್ಮಿ. ದುಡ್ಡು ಹೋಗುವುದು ಒಪ್ಪಿಗೆಗಳಿಗೆ, ಮಾಸ್ಟರಿಂಗ್‌ಗೆ, ಫೋಟೋಗಳಿಗೆ, ಜೊತೆಗಿನ ಪುಸ್ತಿಕೆಗೆ. ಎರಡು ಮೂರು ಸಾವಿರ ಪ್ರತಿ ಮಾರಾಟವಾದರೆ ದೊಡ್ಡದು ಅನ್ನುವ ಕಡೆ ಈ ಖರ್ಚು ಹುಟ್ಟುವುದೇ ಕಷ್ಟ.

ಕಾಲಾವಧಿ ದೇಶದಿಂದ ದೇಶಕ್ಕೆ ಬೇರೆ. ಯುರೋಪಿನಲ್ಲಿ ರೆಕಾರ್ಡಿಂಗ್ ಹಕ್ಕು ಮೊದಲು 50 ವರ್ಷ ಇತ್ತು. 2013ರಲ್ಲಿ ಅದು 70 ಆಯಿತು. ಆದರೆ ಅಷ್ಟರಲ್ಲಿ 50 ತುಂಬಿದ್ದವು ವಾಪಸ್ ಹಕ್ಕಿನ ಒಳಗೆ ಬರಲಿಲ್ಲ. ಅಂದರೆ 1962ರ ಕೊನೆಯವರೆಗೆ ಬಿಡುಗಡೆಯಾದದ್ದನ್ನು ಅಲ್ಲಿ ಯಾರು ಬೇಕಾದರೂ ಸಿಡಿ ಮಾಡಬಹುದು. ಎರಡು ಎಲ್‌ಪಿ ಸೇರಿಸಿ ಒಂದು ಸಿಡಿಯಲ್ಲಿ ಹಾಕಿ ಅಗ್ಗಕ್ಕೆ ಮಾರುವ ಯುರೋಪಿಯನ್ ಲೇಬಲ್‌ಗಳು ಹುಟ್ಟಿದ್ದು ಹೀಗೆ. ಅಮೆರಿಕದಲ್ಲಿ ಇದು ತದ್ವಿರುದ್ಧ. 2018ರ ಕಾನೂನಿನ ಪ್ರಕಾರ 1957ರಿಂದ 1972ರ ಫೆಬ್ರುವರಿವರೆಗಿನ ರೆಕಾರ್ಡಿಂಗ್‌ಗಳ ಹಕ್ಕು 2067ರವರೆಗೆ ಇರುತ್ತದೆ. ಭಾರತದಲ್ಲಿ ರೆಕಾರ್ಡಿಂಗ್ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ.

ಈ ಯುರೋಪ್ ನಿಯಮದಲ್ಲಿ ಒಂದು ತಮಾಷೆ ಇದೆ. ರೆಕಾರ್ಡ್ ಮಾಡಿ 50 ವರ್ಷದೊಳಗೆ ಬಿಡದಿದ್ದರೆ ಹಕ್ಕು ಕೈತಪ್ಪುತ್ತದೆ. ಹಾಗಾಗಿ 2012ರ ಕೊನೆಗೆ ಬಾಬ್ ಡಿಲನ್ ಅವರ 1962ರ ಟೇಪುಗಳನ್ನು ಕಂಪನಿ ಯುರೋಪಿನಲ್ಲಿ ಸುಮಾರು ನೂರೇ ನೂರು ಪ್ರತಿ ಬಿಟ್ಟಿತು. ಕೇಳಲಿ ಅಂತ ಅಲ್ಲ, ಹಕ್ಕು ಉಳಿಯಲಿ ಅಂತ. ಇದು ಜಾಝ್ ಅಲ್ಲ, ನಿಜ. ಆದರೆ ಹಳೇ ಟೇಪು ಇದ್ದಕ್ಕಿದ್ದ ಹಾಗೆ ಹೊರಬರುವುದರ ಹಿಂದೆ ಎಂಥ ಲೆಕ್ಕವೂ ಇರಬಹುದು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಜಪಾನ್ ಮತ್ತು ಸಿಡಿ

ಅಮೆರಿಕ ತನ್ನ ಜಾಝ್ ಮರೆತಿದ್ದ ಕಾಲದಲ್ಲಿ ಅದನ್ನು ಬಿಡದೆ ಕೊಂಡವರು ಜಪಾನಿನವರು. 1977ರಿಂದ ಕೆಲವು ವರ್ಷ ಬ್ಲೂ ನೋಟ್ ಪರವಾನಗಿ ಅಲ್ಲಿನ ಕಿಂಗ್ ಕಂಪನಿ ಕೈಲಿತ್ತು. ಗಿಟಾರ್ ವಾದಕ ಗ್ರಾಂಟ್ ಗ್ರೀನ್ 1964ರಲ್ಲಿ ಮಾಡಿದ 'ಮ್ಯಾಟಡೋರ್' ಮೊದಲು ಬಂದದ್ದು ಅಲ್ಲೇ, 1979ರಲ್ಲಿ. ಟೀನಾ ಬ್ರೂಕ್ಸ್‌ರ 1958ರ ಸೆಷನ್ ಕೂಡ ಮೊದಲು ಅಲ್ಲೇ ಹೊರಬಿತ್ತು.

ಜಪಾನಿನಲ್ಲಿ ಸ್ಥಳೀಯ ಸಿಡಿಗಿಂತ ಹೊರಗಿನಿಂದ ತರಿಸಿದ್ದು ಅಗ್ಗ. ಜನ ಅದನ್ನು ಕೊಂಡುಬಿಟ್ಟಾರು ಅಂತ ಜಪಾನಿ ಆವೃತ್ತಿಗೆ ಒಂದೆರಡು ಹೆಚ್ಚಿನ ಟ್ರ್ಯಾಕ್ ಸೇರಿಸುವ ರೂಢಿ ಬೆಳೆಯಿತು. ಜೊತೆಗೆ ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿ, ಅದಕ್ಕೆ 'ಒಬಿ' ಅನ್ನುತ್ತಾರೆ. ಸಂಗ್ರಾಹಕರಿಗೆ ಒಬಿ ಇರುವ ಸಿಡಿಗೆ ಒಂದು ಬೆಲೆ, ಇಲ್ಲದ್ದಕ್ಕೆ ಇನ್ನೊಂದು! ಎಸ್‌ಎಚ್‌ಎಂ-ಸಿಡಿ ಅಂತ ಬರೆದಿದ್ದರೆ ಅದು ಬೇರೆ ಬಗೆಯ ಪ್ಲಾಸ್ಟಿಕ್ಕಿನ ಸಾಮಾನ್ಯ ಸಿಡಿ. ಮಾಸ್ಟರಿಂಗ್ ಒಂದೇ ಆಗಿದ್ದರೆ ಒಳಗಿನ ಮಾಹಿತಿಯೂ ಒಂದೇ. ಹೆಚ್ಚಿನ ದುಡ್ಡು ಕೊಡುವ ಮುಂಚೆ ಇದು ನೆನಪಿರಲಿ.

ಈ ಸಂಗ್ರಹಕ್ಕೆ ಸಿಡಿಯೇ ಯಾಕೆ? ಎಲ್‌ಪಿಯ ಒಂದು ಬದಿಯಲ್ಲಿ ಹಿಡಿಯುವುದು ಸುಮಾರು 20 ನಿಮಿಷ. ಸಿಡಿಯಲ್ಲಿ ಮಗ್ಗುಲು ತಿರುಗಿಸದೆ 74ರಿಂದ 80 ನಿಮಿಷ. ಒಂದು ಆಲ್ಬಮ್, ಅದರ ಆಲ್ಟರ್ನೇಟ್ ಟೇಕುಗಳು, ಬಿಟ್ಟುಹೋದ ಒಂದು ಟ್ಯೂನ್, ಎಲ್ಲ ಒಂದರಲ್ಲೇ ಹಿಡಿಯುತ್ತದೆ. ಸ್ಟ್ರೀಮಿಂಗ್‌ನಲ್ಲಿ ಹಾಡು ಸಿಗುತ್ತದೆ, ಆದರೆ ಯಾರು ನುಡಿಸಿದರು, ಯಾವ ದಿನ, ಯಾವ ಟೇಪಿನಿಂದ ತೆಗೆದದ್ದು ಅನ್ನುವ ಪುಸ್ತಿಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಪರವಾನಗಿ ಮುಗಿದರೆ ಒಂದು ದಿನ ಹಾಡೂ ಮಾಯ.

ಕೊಳ್ಳುವಾಗ ಸಿಡಿಯ ಹಿಂಬದಿ ಓದಿ. ವೃತ್ತದೊಳಗೆ ಪಿ ಅಕ್ಷರ ಇರುವ ಕಡೆಯ ವರ್ಷ ಆ ರೆಕಾರ್ಡಿಂಗ್ ಪ್ರಕಟವಾದದ್ದನ್ನು ಹೇಳುತ್ತದೆ, ನುಡಿಸಿದ ವರ್ಷವನ್ನಲ್ಲ. ನುಡಿಸಿದ ತಾರೀಕು ಒಳಗಿನ ಪುಸ್ತಿಕೆಯಲ್ಲಿರುತ್ತದೆ. ಮಾಸ್ಟರಿಂಗ್ ಇಂಜಿನಿಯರ್ ಹೆಸರಾಗಲಿ ಟೇಪಿನ ಮೂಲವಾಗಲಿ ಇಲ್ಲದೆ ಬರೀ '24 ಬಿಟ್ ರೀಮಾಸ್ಟರ್ಡ್' ಅಂತ ದೊಡ್ಡದಾಗಿ ಬರೆದಿದ್ದರೆ ಹುಷಾರು. ಅದು ಹಳೇ ಸಿಡಿಯಿಂದಲೇ ನಕಲಾಗಿರಬಹುದು. ಡಿಸ್ಕಿನ ಕೆಳಭಾಗ ಬೆಳ್ಳಿ ಬಣ್ಣದ್ದಾದರೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಒತ್ತಿದ್ದು. ನೀಲಿ ಅಥವಾ ಹಸಿರು ಛಾಯೆ ಇದ್ದರೆ ಕಂಪ್ಯೂಟರ್‌ನಲ್ಲಿ ಬರೆದದ್ದು.

ಇನ್ನೂ ಬರದೇ ಇರುವುದು

ಸೆಷನ್‌ಗಳ ವಿವರ ಪಟ್ಟಿಗೆ ಡಿಸ್ಕೋಗ್ರಫಿ ಅನ್ನುತ್ತಾರೆ. ಅದರಲ್ಲಿ ಕೆಲವು ಟ್ಯೂನುಗಳ ಮುಂದೆ 'ಅನ್‌ಇಷ್ಯೂಡ್' ಅಂತಿರುತ್ತದೆ, ಕೆಲವಕ್ಕೆ 'ರಿಜೆಕ್ಟೆಡ್'. ಮೊದಲನೆಯದು ಬಿಡುಗಡೆಯಾಗಿಲ್ಲ ಅಂತ ಮಾತ್ರ. ಎರಡನೆಯದನ್ನು ಆಗಿನವರು ಕೇಳಿ, ಬೇಡ ಅಂದಿದ್ದಾರೆ. ಕಸ್ಕುನಾ ಕೂಡ ಟೇಪು ಕೇಳಿ ಚೆನ್ನಾಗಿಲ್ಲ ಅನ್ನಿಸಿದ್ದನ್ನು ಹಾಗೇ ಬಿಟ್ಟದ್ದುಂಟು. ಸಿಗದ್ದೆಲ್ಲ ಚಿನ್ನ ಅಂತಲ್ಲ.

ಇನ್ನು ಕೆಲವು ಯಾವತ್ತೂ ಬರುವುದಿಲ್ಲ. 1978ರ ಫೆಬ್ರುವರಿಯಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿದ್ದ ಅಟ್ಲಾಂಟಿಕ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಬಿಡುಗಡೆಯಾಗದ ಟೇಪುಗಳು, ಆಲ್ಟರ್ನೇಟ್ ಟೇಕುಗಳು ಸಾವಿರಾರು ಸುಟ್ಟವು. ಬಿಡುಗಡೆಯಾಗಿದ್ದ ಆಲ್ಬಮ್‌ಗಳ ಮಾಸ್ಟರ್‌ಗಳು ಬಹುತೇಕ ಬೇರೆ ಕಡೆ ಇದ್ದು ಉಳಿದವು. 2008ರ ಜೂನ್ 1ರಂದು ಲಾಸ್ ಏಂಜಲೀಸ್‌ನ ಯುನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಇನ್ನೊಂದು ಬೆಂಕಿ. ಒಂದು ಲಕ್ಷಕ್ಕೂ ಹೆಚ್ಚು ಮಾಸ್ಟರ್‌ಗಳು ಹೋಗಿರಬಹುದು ಅಂತ 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಕಂಪನಿ ಆ ಲೆಕ್ಕವನ್ನು ಒಪ್ಪಲಿಲ್ಲ.

ಹಾಗಾಗಿ ಈಗಿನ ಹುಡುಕಾಟ ಕಂಪನಿ ಗೋದಾಮುಗಳಿಂದ ಆಚೆಗೆ ಹೊರಳಿದೆ. ವಾದಕರ ಮನೆಗಳು, ಗ್ರಂಥಾಲಯಗಳು, ಅದರಲ್ಲೂ ಯುರೋಪಿನ ರೇಡಿಯೋ ನಿಲಯಗಳು. ಗಿಟಾರ್ ವಾದಕ ವೆಸ್ ಮಾಂಟ್‌ಗೊಮರಿ 1965ರ ಮಾರ್ಚ್ 27ರಂದು ಪ್ಯಾರಿಸ್‌ನಲ್ಲಿ ನುಡಿಸಿದ್ದು ಕಳ್ಳ ಪ್ರತಿಗಳಲ್ಲಿ ಎಷ್ಟೋ ಕಾಲ ಓಡಾಡುತ್ತಿತ್ತು. 2018ರಲ್ಲಿ ಫ್ರೆಂಚ್ ರೇಡಿಯೋದ ಮೂಲ ಟೇಪಿನಿಂದ, ವಾರಸುದಾರರ ಒಪ್ಪಿಗೆಯೊಂದಿಗೆ ರೆಸೊನೆನ್ಸ್ ಅದನ್ನು ಅಧಿಕೃತವಾಗಿ ಸಿಡಿಯಾಗಿ ತಂದಿತು. ಇಂಥವು ಸಾಮಾನ್ಯವಾಗಿ ಏಪ್ರಿಲ್ ಅಥವಾ ನವೆಂಬರ್‌ನಲ್ಲಿ, ರೆಕಾರ್ಡ್ ಅಂಗಡಿಗಳಿಗೆಂದೇ ವಿಶೇಷ ಡಿಸ್ಕುಗಳು ಬರುವ ರೆಕಾರ್ಡ್ ಸ್ಟೋರ್ ಡೇ ದಿನ ಮೊದಲು ಎಲ್‌ಪಿಯಾಗಿ ಬರುತ್ತವೆ. ಸಿಡಿ ಆಮೇಲೆ ಬರುತ್ತದೆ, ಎಲ್‌ಪಿಗಿಂತ ಕಮ್ಮಿ ಬೆಲೆಗೆ.